ನಿಧಾನಕ್ಕೆ ಕಾಯಿ ಬಿಡುವ ತಳಿ

ನನ್ನ ತಮ್ಮ ತಾನು ತಿನ್ನುವಂತಿಲ್ಲದ ಹಣ್ಣಿನ ಗಿಡವೊಂದನ್ನು ಆರಿಸಲು ನಾಲ್ಕು ತಿಂಗಳು ತೆಗೆದುಕೊಂಡ. ಅದೇ ನಾಲ್ಕು ತಿಂಗಳಲ್ಲಿ ನಾನೂ ಒಂದು ಮಾತು ತೀರ್ಮಾನ ಮಾಡಬೇಕಿತ್ತು. ಅವನು ಗಿಡ ಆರಿಸಿದ, ತರಿಸಿದ, ನೆಟ್ಟ. ನಾನು ಮಾತ್ರ ಇದ್ದಲ್ಲೇ ಇದ್ದೆ.

ಅವನು ನನಗಿಂತ ಆರು ವರ್ಷ ಚಿಕ್ಕವನು. ಸಿರುಗುಪ್ಪದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ. ಸುಟ್ಟ ಮೋಟಾರಿನ ಹೊಟ್ಟೆಯಿಂದ ಕರಕಲಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಅದಕ್ಕೆ ವೈಂಡಿಂಗ್ ಅನ್ನುತ್ತಾರೆ. ಅದು ಭತ್ತದ ಸೀಮೆ. ನಾಟಿಯ ಹೊತ್ತಿನಲ್ಲಿ ಮೋಟಾರು ಕೆಟ್ಟರೆ ರಾರಾವಿ ಕಡೆಯ ರೈತರು ಅದನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದು, ಸರಿಯಾಗುವತನಕ ಅಂಗಡಿಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಬಗ್ಗಿ ಬಗ್ಗಿ ಅವನಿಗೆ ಸೊಂಟನೋವು ಬಂತು. ನೋವಿಗೆ ಮಾತ್ರೆ. ಯಾವ ಡಾಕ್ಟರನ್ನೂ ಕೇಳದೆ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ, ವರ್ಷಗಟ್ಟಲೆ. ಬಿ.ಪಿ. ಇದ್ದದ್ದೂ ಅವನಿಗೆ ಗೊತ್ತಿರಲಿಲ್ಲ. ಕಾಲು ಊದಿ, ಮುಖ ಊದಿ, ತುತ್ತು ಬಾಯಿಗಿಟ್ಟರೆ ವಾಕರಿಕೆ ಬಂದು ಬಳ್ಳಾರಿಗೆ ಬಂದಾಗ ಎರಡೂ ಕಿಡ್ನಿ ಹೋಗಿವೆ ಎಂದರು.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವಳು. ಪ್ರತಿವರ್ಷ ಬೋರ್ಡಿನ ಮೇಲೆ ಎರಡು ಮೂತ್ರಪಿಂಡಗಳ ಚಿತ್ರ ಬರೆದು, ಬಣ್ಣದ ಚಾಕ್‌ಪೀಸಿನಲ್ಲಿ ರಕ್ತನಾಳ ಎಳೆದು, "ದೇವರು ಎರಡು ಕೊಟ್ಟಾನ, ಒಂದಿದ್ರೂ ಮನುಷ್ಯ ಬದುಕತಾನ" ಎಂದು ಹೇಳುತ್ತ ಬಂದವಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ವಾಕ್ಯ ಹೇಳಿದ್ದೇನೆ. ಹೇಳುವಾಗ ಒಮ್ಮೆಯೂ ನನ್ನ ಪಕ್ಕೆ ಮುಟ್ಟಿ ನೋಡಿಕೊಂಡಿರಲಿಲ್ಲ.

ವಾರಕ್ಕೆ ಮೂರು ಸಲ ಡಯಾಲಿಸಿಸ್. ಸಿರುಗುಪ್ಪದಿಂದ ಅಷ್ಟು ಸಲ ಬಸ್ಸಿನಲ್ಲಿ ಓಡಾಡುವುದು ಅವನ ಕೈಲಾಗಲಿಲ್ಲ. ಅವನ ಹೆಂಡತಿಯ ತವರು ಕುರುಗೋಡು. ಅಲ್ಲಿ ಹಿಂದೆಯೇ ಒಂದು ಜಾಗ ತೆಗೆದುಕೊಂಡಿದ್ದರು. ಅದರಲ್ಲಿ ಎರಡು ಕೋಣೆ ಎಬ್ಬಿಸಿ, ಅಂಗಡಿ ಮುಚ್ಚಿ, ಮಗಳನ್ನು ಅಲ್ಲಿಯ ಸಾಲೆಗೆ ಸೇರಿಸಿ ಬಂದರು. ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ ಅವನು ಬಳ್ಳಾರಿಗೆ ಬಂದು ಯಂತ್ರಕ್ಕೆ ಕೈಕೊಟ್ಟು ಮಲಗುತ್ತಿದ್ದ. ನಾನು ಸಾಲೆ ಬಿಟ್ಟ ಮೇಲೆ ಸೀದಾ ಆಸ್ಪತ್ರೆಗೆ ಹೋಗಿ ಕಡೆಯ ಒಂದೂವರೆ ತಾಸು ಅವನ ಪಕ್ಕದಲ್ಲಿ ಕೂತು, ಆಮೇಲೆ ಪಾರ್ವತಿನಗರದ ನಮ್ಮ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ಮರುದಿನ ಬೆಳಿಗ್ಗೆ ಅವನು ಕುರುಗೋಡಿನ ಬಸ್ಸು ಹತ್ತುತ್ತಿದ್ದ.

ಆಸ್ಪತ್ರೆಯಲ್ಲಿ ಅವನ ಕೈಗೆ ಒಂದು ಪಟ್ಟಿ ಕೊಟ್ಟಿದ್ದರು. ಬಾಳೆ ಬೇಡ, ಮಾವು ಬೇಡ, ಸಪೋಟ ಬೇಡ, ಎಳನೀರಂತೂ ಬೇಡವೇ ಬೇಡ. ಅವುಗಳಲ್ಲಿನ ಪೊಟ್ಯಾಶಿಯಂ ರಕ್ತದಲ್ಲಿ ನಿಂತರೆ ಹೃದಯಕ್ಕೆ ಕುತ್ತು. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರೂ ಬೇಡ. ಬಳ್ಳಾರಿಯ ಬಿಸಿಲಿನಲ್ಲಿ ಒಂದು ಲೀಟರು. ಅವನು ಅದನ್ನು ಪಾಲಿಸುತ್ತಿದ್ದ. ಆದರೆ ಮಲಗಿದ ನಾಲ್ಕು ತಾಸೂ ಫೋನಿನಲ್ಲಿ ತಿನ್ನುವವರನ್ನೇ ನೋಡುತ್ತಿದ್ದ. ಬಿರಿಯಾನಿ ತಿನ್ನುವವರು, ಕಲ್ಲಂಗಡಿ ಕೊಯ್ಯುವವರು, ಎಲ್ಲೆಲ್ಲಿಯದೋ ಹಣ್ಣು ಸೀಳಿ ಚಮಚದಲ್ಲಿ ತೋಡಿ ತಿನ್ನುವವರು.

ಫೆಬ್ರವರಿಯ ಒಂದು ಶುಕ್ರವಾರ ನಾನು ಹೋಗಿ ಕೂರುವ ಮೊದಲೇ ಫೋನನ್ನು ನನ್ನ ಕಡೆ ತಿರುಗಿಸಿದ.

"ಅಕ್ಕಾ, ಇದನ್ನ ನೋಡ."

ಒಬ್ಬ ಮನುಷ್ಯ ತೆಂಗಿನಕಾಯಿಯಷ್ಟು ದಪ್ಪದ, ಒರಟು ಕಂದು ಸಿಪ್ಪೆಯ ಹಣ್ಣನ್ನು ಉದ್ದಕ್ಕೆ ಸೀಳಿದ. ಒಳಗೆ ಕೆಂಪೂ ಅಲ್ಲದ ಕಿತ್ತಳೆಯೂ ಅಲ್ಲದ ತಿರುಳು. ನಡುವೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಒಂದು ಉದ್ದನೆಯ ಬೀಜ.

"ಪಪ್ಪಾಯಿ ಏನೋ?"

"ಅಲ್ಲ. ಚಿಕ್ಕು ಜಾತಿದು. ಮಾಮಿ ಸಪೋಟ ಅಂತ. ಸಮುದ್ರದ ಆಚಿ ಬಿಸಿಲಿನ ದೇಶದಾಗ ಮನಿಮನಿ ಹಿತ್ತಲದಾಗ ಹಚ್ಚತಾರಂತ. ಈಗ ನಮ್ಮ ಕರಾವಳಿ ಕಡೆ ನರ್ಸರಿಯವ್ರೂ ಕಸಿ ಮಾಡಿ ಮಾರಾಕತ್ಯಾರ."

ಪಕ್ಕದ ಹಾಸಿಗೆಯ ಮುದುಕರು ತಲೆ ಎತ್ತಿದರು. ಬ್ರೂಸ್‌ಪೇಟೆಯಲ್ಲಿ ಹಣ್ಣಿನ ಸಗಟು ವ್ಯಾಪಾರ ಮಾಡಿ ಬಿಟ್ಟವರು. ವಾರ್ಡಿನಲ್ಲಿ ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು.

"ಮಾಮಿನಾ? ಯಾರ ಮಾಮಿ ಬೇಟಾ?"

"ನಿಮ್ಮ ಮಾಮಿ ಅಲ್ಲ ಬಿಡ್ರಿ ಚಾಚಾ, ಹಣ್ಣಿಂದು ಹೆಸರು!"

ನಗುತ್ತ ಅವನು ಸೂಜಿ ಇದ್ದ ಕೈ ಅಲ್ಲಾಡಿಸಿಬಿಟ್ಟ. ಯಂತ್ರ ಕಿರುಚಿಕೊಂಡಿತು. ನರ್ಸು ಓಡಿ ಬಂದು ಇಬ್ಬರನ್ನೂ ಬೈದಳು. ಬೈಸಿಕೊಂಡು ಇಬ್ಬರೂ ಸಾಲೆಯ ಹುಡುಗರ ಹಾಗೆ ಮುಖ ತಿರುಗಿಸಿಕೊಂಡು ಮತ್ತೆ ನಕ್ಕರು. ತಿಂಗಳುಗಳ ನಂತರ ನಾನು ಅವನ ಹಲ್ಲು ನೋಡಿದ್ದು ಅವತ್ತು.

"ಅದನ್ನ ತಿನ್ನಾಕ ನಿನಗ ಬರಂಗಿಲ್ಲಲ್ಲೋ," ಅಂದೆ. ಅನ್ನಬಾರದಿತ್ತು.

"ಹಚ್ಚಾಕ ಬರತೈತಲ್ಲ," ಅಂದ. "ಕುರುಗೋಡಿನ ಮನಿ ಹಿಂದ ಮೂರು ಗುಂಟೆ ಖಾಲಿ ಬಿದ್ದೈತಿ. ಒಂದು ನೆರಳಿಲ್ಲ. ಮಗಳು ಬರೇ ಬಯಲು ನೋಡಾಕತ್ತಾಳ."

ಅದಕ್ಕೆ ಒಂದು ತಿಂಗಳು ಮೊದಲು ನಾವು ಬೆಂಗಳೂರಿಗೆ ಹೋಗಿ ಅವನಿಗೆ ಯಾರ ಕಿಡ್ನಿ ಹೊಂದುತ್ತದೆಂದು ತಪಾಸಣೆ ಮಾಡಿಸಿಕೊಂಡು ಬಂದಿದ್ದೆವು. ಅವನ ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಮಗಳು ಇನ್ನೂ ಚಿಕ್ಕವಳು. ನನ್ನದು ಹೊಂದಿತು. ಒಂದೊಂದು ಪರೀಕ್ಷೆಯ ಫಲಿತಾಂಶ ಬಂದಂತೆ ಡಾಕ್ಟರ ಮುಖ ಅರಳುತ್ತ ಹೋಯಿತು, ನನ್ನ ಅಂಗೈ ತಣ್ಣಗಾಗುತ್ತ ಹೋಯಿತು. ನಮ್ಮ ಅವ್ವ ಗರ್ಭಕೋಶದ ಆಪರೇಷನ್ನಿಗೆಂದು ನಡೆದುಕೊಂಡೇ ಒಳಗೆ ಹೋಗಿದ್ದಳು. ಹೊರಗೆ ಬಂದದ್ದು ಬಿಳಿ ಬಟ್ಟೆಯಲ್ಲಿ. ಆಗ ನನಗೆ ಹದಿನೆಂಟು. ಇದನ್ನು ನೆಪವಾಗಿ ಬರೆಯುತ್ತಿಲ್ಲ. ಅವನೂ ಅದೇ ಅವ್ವನ ಮಗ.

"ಪರೀಕ್ಷೆ ಮುಗೀಲಿ," ಅಂದೆ, ವಾಪಸು ಬರುವ ರೈಲಿನಲ್ಲಿ. ನನ್ನ ಹತ್ತನೆಯ ತರಗತಿಯ ಮಕ್ಕಳ ಪರೀಕ್ಷೆ. ಅವನು ಕಿಟಕಿಯ ಕಡೆ ನೋಡುತ್ತ, "ಆತು ಬಿಡಕ್ಕಾ," ಅಂದ.

ಮನೆಯಲ್ಲಿ ನನ್ನ ಗಂಡ ಬೇಡ ಎಂದಿದ್ದರೆ ಅವರ ಮೇಲೆ ಹಾಕಿ ಪಾರಾಗುತ್ತಿದ್ದೆ. ಅವರು ಹಾಗನ್ನಲಿಲ್ಲ. "ಮೈ ನಿಂದು, ತಮ್ಮ ನಿನ್ನವನು. ನಾನೇನು ಹೇಳ್ಲಿ? ನೀ ಹೂಂ ಅಂದ್ರ ನಾ ಜೋಡಿ ಬರ್ತೀನಿ," ಅಂದರು. ಆ ಮಾತು ಕೇಳಿ ನನಗೆ ಅವರ ಮೇಲೆ ಸಿಟ್ಟು ಬಂತು.

ಮಾರ್ಚಿನ ಹೊತ್ತಿಗೆ ತಮ್ಮನ ಹುಚ್ಚು ಜೋರಾಯಿತು. ಹಿಂದೆ ಯಾವ ಮೋಟಾರಿಗೆ ಎಷ್ಟು ಸುತ್ತು, ಯಾವ ಗಾತ್ರದ ತಂತಿ ಎಂದು ಬರೆದಿಡುತ್ತಿದ್ದ ಉದ್ದನೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಈಗ ತಳಿಗಳ ಹೆಸರು ಬಂದವು. ನಾನು ಬರುವುದನ್ನೇ ಕಾಯ್ದು ಓದಿ ಹೇಳುತ್ತಿದ್ದ. ಬೀಜದಿಂದ ಎಬ್ಬಿಸಿದ ಗಿಡ ಕಾಯಿ ಬಿಡಲು ಏಳೆಂಟು ವರ್ಷ ಬೇಕು, ಅದೂ ತಾಯಿಯಂಥ ಹಣ್ಣೇ ಬರುತ್ತದೆಂಬ ಭರವಸೆ ಇಲ್ಲ. ಹಾಗಾಗಿ ಕಸಿಯದೇ ಬೇಕು. ಮಗಾನ್ಯಾ ಎಂಬ ತಳಿಯ ಮರ ಗಿಡ್ಡ, ಬೇಗ ಕಾಯಿ ಬಿಡುತ್ತದೆ, ಒಂದೊಂದು ಹಣ್ಣು ಎರಡು ಕೆ.ಜಿ. ತೂಗುವುದೂ ಉಂಟು. ಪ್ಯಾಂಟಿನ್ ಎಂಬುದು ಎತ್ತರದ ಮರ, ತಡ ಮಾಡುತ್ತದೆ, ಹಣ್ಣು ಅಷ್ಟು ದೊಡ್ಡದಲ್ಲ, ಆದರೆ ತಿರುಳು ನಾರಿಲ್ಲದೆ ಬೆಣ್ಣೆಯ ಹಾಗೆ. ತಾಝುಮಾಲ್ ಎಂಬ ಮೂರನೆಯದು ವರ್ಷದಲ್ಲಿ ಎರಡು ಸಲ ಕೊಡುತ್ತದಂತೆ, ಆದರೆ ಅದರ ಕಸಿ ನಮ್ಮಲ್ಲಿ ಯಾರ ಹತ್ತಿರವೂ ಸಿಗಲಿಲ್ಲ.

ನಮ್ಮಲ್ಲಿ ಯಾರೂ ಆ ಹಣ್ಣನ್ನು ಕಣ್ಣಿಂದಲೂ ಕಂಡವರಲ್ಲ. ಗೆಣಸಿನ ಹಾಗೆ ಇರುತ್ತದೆ ಎಂದು ಒಬ್ಬರು, ಬಾದಾಮಿಯ ವಾಸನೆ ಎಂದು ಇನ್ನೊಬ್ಬರು, ಕುಂಬಳಕಾಯಿಗೆ ಜೇನು ಬೆರೆಸಿದ ಹಾಗೆ ಎಂದು ಮತ್ತೊಬ್ಬರು ವಿಡಿಯೊಗಳಲ್ಲಿ ಹೇಳುತ್ತಿದ್ದರು. ಅಷ್ಟನ್ನೇ ಹಿಡಿದುಕೊಂಡು ಅವನೂ ಚಾಚಾನೂ ವಾದ ಮಾಡುತ್ತಿದ್ದರು.

"ಮನಿಯಾಗ ಮೂರು ಮಂದಿ ಅದೀರಿ," ಚಾಚಾ ಹೇಳುತ್ತಿದ್ದರು. "ಅದರಾಗ ನೀ ತಿನ್ನಂಗಿಲ್ಲ. ಎರಡು ಕೆ.ಜಿ. ಹಣ್ಣು ಕೊಯ್ದ್ರ ಅರ್ಧ ಕೊಳತು ಹೋಗತೈತಿ. ಸಣ್ಣದು ಹಚ್ಚು. ಮತ್ತ ಕೇಳಿಲ್ಲಿ, ಕಸಿ ಗಂಟು ಕಣ್ಣಾರೆ ನೋಡದ ಗಿಡ ತಗೋಬ್ಯಾಡ. ಬೀಜದ ಸಸಿಗೆ ಕಸಿ ಅಂತ ಚೀಟಿ ಕಟ್ಟಿ ಕೊಡೋರು ಬಾಳ ಮಂದಿ ಅದಾರ."

"ಹಣ್ಣಾಗಿದ್ದು ಹೆಂಗ ಗೊತ್ತಾಗತೈತಿ ಹೇಳ್ರಿ ನೋಡೂಣು?" ತಮ್ಮ ಪರೀಕ್ಷೆ ಮಾಡುತ್ತಿದ್ದ.

"ಚಿಕ್ಕು ಹಂಗ ಉಗುರು ಹಚ್ಚಿ ಕೆರೀಬೇಕು. ಒಳಗ ಹಸರು ಇದ್ರ ಬಿಡು, ಕೆಂಪು ಇದ್ರ ಕೀಳು."

"ಅರೆ! ವಿಡಿಯೋದಾಗೂ ಹಂಗೇ ಹೇಳಿದ್ರು!"

ಚಾಚಾ ಗೆದ್ದವರಂತೆ ಕಣ್ಣು ಮುಚ್ಚಿಕೊಂಡರು.

ಮಾರ್ಚಿನ ಕೊನೆಯ ಭಾನುವಾರ ಕುರುಗೋಡಿಗೆ ಹೋದೆ. ಅವನು ಹಿತ್ತಲಲ್ಲಿ ಮೊಣಕಾಲುದ್ದದ ಗುಂಡಿ ತೋಡಿಸಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಕೆಂಪು ಗರಸು ಮಣ್ಣು. ಆಚೆ ಗುಡ್ಡದ ಬಂಡೆಗಳು ಆ ಬೆಳಿಗ್ಗೆಯೇ ಕಾದು ಬಿಸಿ ಉಗುಳುತ್ತಿದ್ದವು. ಅವನ ಹೆಂಡತಿ ಗುಂಡಿಗೆ ಎರಡು ಕೊಡ ನೀರು ಸುರಿದಳು. ಅವನು ಗಡಿಯಾರ ನೋಡಿದ.

"ಈ ಜಾತಿಗೆ ಬುಡದಾಗ ನೀರು ನಿಂತ್ರ ಬೇರು ಕೊಳೀತೈತಿ. ಸಿರುಗುಪ್ಪದ ಎರಿ ಮಣ್ಣಿನಾಗ ಈ ಗಿಡ ಒಂದು ಮಳಿಗಾಲ ಉಳೀತಿರಲಿಲ್ಲ ಅಕ್ಕಾ. ಇಲ್ಲಿ ನೋಡು, ಹೆಂಗ ಕುಡೀತೈತಿ."

ನೀರು ನೋಡನೋಡುತ್ತಿದ್ದಂತೆ ಇಳಿದು ಹೋಯಿತು. ಅವನು ಆ ಇಳಿಯುವ ನೀರನ್ನೇ ನೋಡುತ್ತಿದ್ದ. ತುಟಿ ಒಣಗಿ ಬಿರಿದಿದ್ದವು. ಅವನ ದಿನದ ಪಾಲಿನ ನೀರು ಕಿಟಕಿಯಲ್ಲಿ ಒಂದು ಬಾಟಲಿಯಲ್ಲಿತ್ತು; ಅರ್ಧ ಮುಗಿದಿತ್ತು, ಇನ್ನೂ ಬೆಳಗಿನ ಹತ್ತು ಗಂಟೆ. ಅವನ ಹೆಂಡತಿ ಖಾಲಿ ಕೊಡ ಎತ್ತಿಕೊಂಡು ಮುಖ ತಿರುಗಿಸಿ ಒಳಗೆ ಹೋದಳು.

ಊಟವಾದ ಮೇಲೆ ಅವಳು ನನ್ನ ಜೊತೆ ಬಸ್ ಸ್ಟ್ಯಾಂಡಿನತನಕ ನಡೆದು ಬಂದಳು. ದಾರಿಯುದ್ದಕ್ಕೂ ಏನೋ ಹೇಳಬೇಕೆಂದು ಬಾಯಿ ತೆರೆಯುವುದು, ಸುಮ್ಮನಾಗುವುದು ಮಾಡುತ್ತಿದ್ದಳು. ನನಗೆ ಗೊತ್ತಿತ್ತು. ಗೊತ್ತಿದ್ದೇ ನಾನು ಬೇರೆ ಬೇರೆ ಮಾತು ಎತ್ತಿದೆ. ಮಗಳ ಅಂಕ, ಹೊಸ ಮನೆಯ ಸುಣ್ಣಬಣ್ಣ, ನಲ್ಲಿ ನೀರು. ಬಸ್ಸು ಬೇಗ ಬಂತು. ಬಂದದ್ದಕ್ಕೆ ನನಗೆ ಸಂತೋಷವಾಯಿತು.

ಪರೀಕ್ಷೆಗಳು ಮುಗಿದವು. ನನ್ನ ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. "ಬಾಣಂತನ ಮುಗೀಲಿ," ಅಂದೆ ತಮ್ಮನಿಗೆ. ಅವನು ಆಗಲೂ, "ಆತು ಬಿಡಕ್ಕಾ," ಅಂದ. ಅಷ್ಟೇ ದನಿ, ಅಷ್ಟೇ ಮಾತು.

ಏಪ್ರಿಲಿನಲ್ಲಿ ಒಂದು ಬುಧವಾರ ನಾನು ವಾರ್ಡಿಗೆ ಹೋದಾಗ ಚಾಚಾನ ಹಾಸಿಗೆಯ ಮೇಲೆ ಬೇರೆ ಯಾರೋ ಇದ್ದರು. ಅಲ್ಲಿ ಹಾಗಾದಾಗ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ತಮ್ಮ ಫೋನನ್ನು ಎದೆಯ ಮೇಲೆ ಬೋರಲು ಇಟ್ಟುಕೊಂಡು ಛಾವಣಿ ನೋಡುತ್ತ ಮಲಗಿದ್ದ. ಒಂದೆರಡು ವಾರ ಗಿಡದ ಮಾತು ಬರಲಿಲ್ಲ.

ಮತ್ತೆ ಬಂದದ್ದು ನಮ್ಮ ಮನೆಯಲ್ಲಿ, ಮೇ ತಿಂಗಳ ಒಂದು ಬೆಳಿಗ್ಗೆ. ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ನಾನು ಉಪ್ಪಿಲ್ಲದ ಚಪಾತಿ ಬೇಯಿಸುತ್ತಿದ್ದೆ. ಅವನು ಅಡುಗೆಮನೆಯ ಹೊಸ್ತಿಲ ಹತ್ತಿರ ಕುರ್ಚಿ ಎಳೆದುಕೊಂಡು ನೋಟ್‌ಬುಕ್ಕು ತೆರೆದ.

"ಅಕ್ಕಾ, ಈಗ ಎರಡಕ್ಕ ಬಂದು ನಿಂತೈತಿ. ಮಳಿ ಹತ್ತೋದ್ರಾಗ ತರಸಬೇಕು. ಮಗಾನ್ಯಾ ಆದ್ರ ಮೂರು ವರ್ಷಕ್ಕ ಹೂವು ಕಾಣತೈತಂತ. ಆದ್ರ ರುಚಿ ಒಂದೀಟು ಕಮ್ಮಿ ಅಂತಾರ. ಪ್ಯಾಂಟಿನ್ ಐದು ವರ್ಷನರ ಹಿಡೀತೈತಿ. ಹೂವು ಬಂದ ಮ್ಯಾಲೆ ಹಣ್ಣಾಗಾಕ ಮತ್ತೊಂದು ವರ್ಷದ ಮ್ಯಾಲ ಬೇಕು. ರುಚಿ ಅಂದ್ರ ಅದೇ ಅಂತಾರ ಎಲ್ಲಾರೂ. ಯಾವುದು ತರಿಸ್ಲಿ ಹೇಳು."

"ಜಲ್ದಿ ಬಿಡೋದನ್ನ ತರಿಸು," ಅಂದೆ.

ಹೆಂಚಿನ ಮೇಲಿನ ಚಪಾತಿ ತಿರುವಿ ಹಾಕುತ್ತ ಅಂದ ಮಾತು. ಅದು ಬಾಯಿ ದಾಟಿದ ಮೇಲೆ ನನಗೆ ಕೇಳಿಸಿತು. ತಿರುಗಿ ನೋಡಲು ಧೈರ್ಯವಾಗದೆ ಹೆಂಚನ್ನೇ ನೋಡುತ್ತ ನಿಂತೆ. ಚಪಾತಿ ಕಪ್ಪಾಯಿತು.

"ಯಾಕಕ್ಕಾ?" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಹಂಗಲ್ಲೋ… ಸಣ್ಣ ಮರ ಮನಿಗೆ ಚಲೋ ಅಂತ…"

"ನನಗೇನು ಅವಸರ ಇಲ್ಲ," ಅಂದ. ನೋಟ್‌ಬುಕ್ಕು ಮುಚ್ಚಿದ ಸದ್ದು ಕೇಳಿತು. "ನಿಧಾನದ್ದೇ ತರಿಸ್ತೀನಿ. ತಿನ್ನೋರಿಗೆ ರುಚಿನರ ಇರ್ಲಿ."

ಅವನು ಆ ಮಾತನ್ನು ಏನೆಂದು ಹೇಳಿದ ಎಂದು ನನಗೆ ಇಂದಿಗೂ ಗೊತ್ತಿಲ್ಲ. ನೀನು ಕೊಟ್ಟೇ ಕೊಡುತ್ತೀ, ನಾನು ಆರು ವರ್ಷ ಇರುತ್ತೇನೆ ಎಂದನೋ. ನೀನು ಕೊಡುವುದಿಲ್ಲವೆಂದು ಗೊತ್ತಾಗಿದೆ, ಇನ್ನು ನನಗೆ ಮೂರಾದರೇನು ಆರಾದರೇನು ಎಂದನೋ. ಆಗ ಕೇಳಬಹುದಿತ್ತು. ನಾನು ಕರಕಲು ಚಪಾತಿಯನ್ನು ಪಕ್ಕಕ್ಕೆ ತೆಗೆದಿಟ್ಟು ಇನ್ನೊಂದು ಲಟ್ಟಿಸಿದೆ.

ಜೂನಿನಲ್ಲಿ ಗಿಡ ಬಸ್ಸಿನ ಪಾರ್ಸಲ್ಲಿನಲ್ಲಿ ಬಂತು. ಅವನು ಡಯಾಲಿಸಿಸ್ ಮುಗಿಸಿ ನಮ್ಮಲ್ಲಿ ಉಳಿದಿದ್ದ ಮರುದಿನ. ಬಸ್ ಸ್ಟ್ಯಾಂಡಿಗೆ ನಾನೂ ಹೋದೆ. ಮೂರಡಿ ಎತ್ತರದ, ಅಂಗೈಗಿಂತ ಅಗಲದ ಉದ್ದೆಲೆಗಳ ಸಸಿ. ಅವನು ಮೊದಲು ಬುಡಕ್ಕೆ ಬಗ್ಗಿ ಕಸಿ ಗಂಟನ್ನು ಬೆರಳಿಂದ ತಡವಿ ನೋಡಿದ. "ಚಾಚಾ ಇದ್ದಿದ್ರ ಪಾಸ್ ಅಂತಿದ್ದ," ಅಂದ. ಕುರುಗೋಡಿನ ಬಸ್ಸಿನಲ್ಲಿ ಸೀಟಿನ ಮೇಲೆ ಅದನ್ನು ಕೂರಿಸಿ, ಕಿಟಕಿಯ ಬಿಸಿಲು ಬೀಳದಂತೆ ನನ್ನ ಛತ್ರಿ ಬಿಚ್ಚಿ ಹಿಡಿದ. ಕಂಡಕ್ಟರು, "ಇದಕ್ಕೂ ಟಿಕೆಟ್ ತಗೀರಿ," ಎಂದು ಚೇಷ್ಟೆ ಮಾಡಿದ. ಅವನು ನಗುತ್ತ, "ಅರ್ಧ ಟಿಕೆಟ್ ಕೊಡ್ರಿ, ಇನ್ನೂ ಕೂಸು," ಎನ್ನುವುದು ಬಸ್ಸು ಹೊರಡುವಾಗ ಹೊರಗೆ ನಿಂತ ನನಗೆ ಕೇಳಿಸಿತು.

ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ನೆಟ್ಟಾಗಿತ್ತು. ಸುತ್ತ ನಾಲ್ಕು ಗಳ ನಿಲ್ಲಿಸಿ ಹಸಿರು ನೆರಳು ಬಲೆ ಕಟ್ಟಿದ್ದರು. ಬುಡಕ್ಕೆ ಭತ್ತದ ಹುಲ್ಲು ಹೊದಿಸಿದ್ದರು. ಅವನು ಪ್ರತಿ ಬೆಳಿಗ್ಗೆ ಚೊಂಬಿನಲ್ಲಿ ನೀರು ಅಳೆದು ಹಾಕುತ್ತಿದ್ದನಂತೆ. ಹೊಸ ಚಿಗುರು ಬಂದ ದಿನ ಫೋಟೊ ಕಳಿಸಿದ. ಕೆಂಪು ಮಣ್ಣು, ಹಸಿರು ಬಲೆ, ತುದಿಯಲ್ಲಿ ತಾಮ್ರದ ಬಣ್ಣದ ಎರಡು ಎಲೆ.

ನನ್ನ ಮಗಳಿಗೆ ಗಂಡು ಮಗು ಹುಟ್ಟಿತು. "ಮೂರು ತಿಂಗಳು ಕಳೀಲಿ," ಅಂದೆ. ಈ ಸಲ ಅವನು "ಆತು ಬಿಡಕ್ಕಾ" ಅನ್ನಲಿಲ್ಲ. ಮಗುವಿನ ಅಂಗಾಲು ಹಿಡಿದು ಆಡಿಸುತ್ತ, "ನಿನ್ನ ಅಜ್ಜಿಗೆ ಕೆಲಸ ಬಾಳ ಅದಾವಪ್ಪಾ," ಅಂದ. ಅದು ಬರೀ ತಮಾಷೆಯ ಮಾತೇ ಇರಬಹುದು.

ಶುಕ್ರವಾರದ ಡಯಾಲಿಸಿಸ್ಸಿನಿಂದ ಸೋಮವಾರದ ತನಕ ಮಧ್ಯೆ ಎರಡು ದಿನದ ಖಾಲಿ. ಆ ಎರಡು ದಿನ ಎಲ್ಲ ರೋಗಿಗಳಿಗೂ ಕಷ್ಟ ಎಂದು ನರ್ಸು ಮೊದಲೇ ಹೇಳಿದ್ದಳು. ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ, ಪ್ರಾರ್ಥನೆ ಮುಗಿದು ನಾನು ಹಾಜರಿ ಕರೆಯುತ್ತಿದ್ದೆ. ಫೋನು ಬಂತು. ಅವನ ಹೆಂಡತಿ "ಅಕ್ಕಾ, ಬರ್ರಿ," ಎಂದಳು, ಅಷ್ಟೇ. ಸ್ನಾನಕ್ಕೆ ಹೋದವನು ಬಚ್ಚಲ ಬಾಗಿಲಲ್ಲಿ ಕುಸಿದಿದ್ದ. ಕುರುಗೋಡಿನ ಡಾಕ್ಟರು ಬರುವಷ್ಟರಲ್ಲಿ ಹೃದಯ ನಿಂತಿತ್ತು.

ಆ ವಾರವೇ ಅವನಿಗೆ ಹೂಂ ಅನ್ನಬೇಕೆಂದು ನಾನು ನಿಶ್ಚಯಿಸಿದ್ದೆ ಎಂದು ಬರೆಯಲು ಆಸೆಯಾಗುತ್ತದೆ. ಕೆಲವರಿಗೆ ಹಾಗೆ ಹೇಳಿಯೂ ಹೇಳಿದ್ದೇನೆ. ಅದು ಸುಳ್ಳು. ನಾನು ಏನನ್ನೂ ನಿಶ್ಚಯಿಸಿರಲಿಲ್ಲ. ಮೂರು ತಿಂಗಳು ಕಳೆದಿದ್ದರೆ ನಾಲ್ಕನೆಯ ನೆಪ ಹುಡುಕುತ್ತಿದ್ದೆನೋ ಏನೋ. ಹೊಲದಲ್ಲಿ ಅವನ ಮೇಲೆ ಮಣ್ಣು ಹಾಕುವಾಗ ನನ್ನ ಎರಡೂ ಕಿಡ್ನಿ ನನ್ನೊಳಗೆ ಸುಖವಾಗಿದ್ದವು.

ತಿಂಗಳ ಮೇಲೆ ಒಂದು ದಿನ ಕುರುಗೋಡಿಗೆ ಹೋದೆ. ಅವನ ಹೆಂಡತಿ ಹೊರಕೋಣೆಯಲ್ಲಿ ಒಂದು ಮೋಟಾರು ಮುಂದಿಟ್ಟುಕೊಂಡು ತಂತಿ ಸುತ್ತುತ್ತಿದ್ದಳು. ಅವನ ಕೈ ನಡುಗಲು ಶುರುವಾದಾಗಿನಿಂದಲೇ ಅವಳು ಈ ಕೆಲಸ ಕಲಿತಿದ್ದಳು. ಈಗ ಊರವರು ಅವಳ ಹತ್ತಿರವೇ ತರುತ್ತಿದ್ದರು. ಕೈ ನಿಲ್ಲಿಸದೆ, "ಕೂಡ್ರಿ," ಅಂದಳು. ನಾನು ಕೂತೆ. ಅವಳು ಸುತ್ತು ಎಣಿಸುವುದು ಮುಗಿಯಲಿ ಎಂದು ಕಾದೆ.

"ತಂಗೀ, ನನ್ನ ಮ್ಯಾಲ ನಿನಗ ಸಿಟ್ಟು ಐತಿ," ಅಂದೆ.

ಅವಳು ತಂತಿಯ ತುದಿಯನ್ನು ಕತ್ತರಿಸಿ, ನೂಲಿನಿಂದ ಬಿಗಿದು, ಆಮೇಲೆ ಹೇಳಿದಳು.

"ನಿಮ್ಮನ್ನ ಕೇಳಬಾರದು ಅಂತ ಅವ್ರು ನನ್ನ ಕಡಿಂದ ಆಣಿ ಹಾಕಿಸಿಕೊಂಡಿದ್ರು. ಮಗಳ ತಲಿ ಮುಟ್ಟಿಸಿ. ಆದ್ರೂ ನಾನು ನಾಲ್ಕು ಸಲ ನಿಮ್ಮ ಮನಿ ಗೇಟಿನ ತನಕ ಬಂದಿದ್ದೆ ಅಕ್ಕಾ. ಅವ್ರಿಗೆ ಸುಳ್ಳು ಹೇಳಿ, ಬಸ್ ಹತ್ತಿ. ಕಾಲಿಗೆ ಬಿದ್ದು ಕೇಳಬೇಕಂತ. ಒಮ್ಮಿ ನೀವು ಒಳಗ ಹಾಡು ಹೇಳಿ ಕೂಸಿಗೆ ಎಣ್ಣಿ ಹಚ್ಚಾಕತ್ತಿದ್ರಿ. ಗೇಟಿನಾಗ ನಿಂತು ಕೇಳಿದೆ. ವಾಪಸ್ ಬಂದೆ."

"ಒಳಗ ಬರಬೇಕಿಲ್ಲೇನವ್ವಾ…"

"ಬಂದಿದ್ರ ಕೊಡತಿದ್ರೇನು?"

ಅವಳು ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಚಹಾ ತಂದುಕೊಟ್ಟಳು. ಲೋಟ ಕೈಗೆ ಕೊಡದೆ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು.

ಆದರೂ ನಾನು ಹೋಗುವುದನ್ನು ಬಿಡಲಿಲ್ಲ. ಎರಡನೆಯ ಶನಿವಾರ ಸಾಲೆಗೆ ರಜೆ; ಆ ದಿನ ಕುರುಗೋಡಿನ ಬಸ್ಸು ಹತ್ತುತ್ತೇನೆ. ಬರ್ರಿ ಎಂದು ಅವಳು ಅನ್ನಲಿಲ್ಲ, ಬ್ಯಾಡ ಎಂದೂ ಅನ್ನಲಿಲ್ಲ. ಹಿತ್ತಲಿಗೆ ಹೋಗಿ ಗಿಡದ ಪಾತಿ ಕೆದರಿ, ಹುಲ್ಲು ಬದಲಿಸಿ, ಗೊಬ್ಬರ ಹಾಕಿ ಬರುತ್ತೇನೆ. ಮೊದಲ ಬೇಸಿಗೆಯಲ್ಲಿ ಎಲೆಗಳ ಅಂಚು ಕಾಗದ ಸುಟ್ಟ ಹಾಗೆ ಕಂದಾಗಿ, ತುದಿಯ ಚಿಗುರು ಕರಗಿ, ಹೋಯಿತೆಂದೇ ಅಂದುಕೊಂಡೆ. ಬುಡದ ಸಿಪ್ಪೆಯನ್ನು ಉಗುರಿನಿಂದ ಚೂರು ಕೆರೆದು ನೋಡಿದಾಗ ಒಳಗೆ ಹಸಿರಿತ್ತು. ಮಳೆ ಬಿದ್ದ ಮೇಲೆ ಪಕ್ಕದಿಂದ ಹೊಸದಾಗಿ ಚಿಗುರೊಡೆಯಿತು. ಈಗ ಮೂರನೆಯ ಬೇಸಿಗೆ. ನನ್ನ ತಲೆಗಿಂತ ಎತ್ತರವಾಗಿದೆ. ಹೂವಿನ ಸುಳಿವಿಲ್ಲ. ಇರುವುದೂ ಇಲ್ಲ, ಅದು ನಿಧಾನದ ತಳಿ.

ಕಳೆದ ತಿಂಗಳು ಗಾಳಿಗೆ ನೆರಳು ಬಲೆ ಹರಿದಿತ್ತು. ಇನ್ನೂ ಒಂದೆರಡು ಬೇಸಿಗೆ ಗಿಡಕ್ಕೆ ನೆರಳು ಬೇಕು. ಹೊಸ ಬಲೆ ಕೊಂಡೊಯ್ದಿದ್ದೆ. ಅವನ ಮಗಳು ಈಗ ಪಿ.ಯು.ಸಿ. ಓದುತ್ತಾಳೆ. ಗಳದ ಆ ಕಡೆ ಅವಳು, ಈ ಕಡೆ ನಾನು ನಿಂತು ಬಲೆಯ ಅಂಚಿಗೆ ಹಗ್ಗ ಪೋಣಿಸುತ್ತಿದ್ದೆವು. ಬಲೆ ನಮ್ಮಿಬ್ಬರ ನಡುವೆ ಇತ್ತು. ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಅತ್ತೀ," ಅಂದಳು, "ನಿಮ್ಮ ಕಿಡ್ನಿ ಅಪ್ಪಗ ಹೊಂದಿತ್ತಂತಲ್ಲ?"

"ನಿಮ್ಮವ್ವ ಹೇಳಿದಳಾ?"

"ಇಲ್ಲ. ಕಪಾಟಿನಾಗ ರಿಪೋರ್ಟ್ ಸಿಕ್ತು. ನಾನೇ ಓದಿದೆ."

"ಹೌದು. ಹೊಂದಿತ್ತು."

"ಮತ್ತ ಯಾಕ ಕೊಡ್ಲಿಲ್ಲ?"

ಪರೀಕ್ಷೆ, ಬಾಣಂತನ, ಅವ್ವನ ಆಪರೇಷನ್ನು, ಎಲ್ಲವೂ ನಾಲಿಗೆಯ ತುದಿಗೆ ಬಂದವು. ಎಷ್ಟೋ ಜನರ ಮುಂದೆ ಹೇಳಿ ಹೇಳಿ ನುಣುಪಾದ ಮಾತುಗಳು.

"ಅಂಜಿದೆ," ಅಂದೆ.

"ಅಪ್ಪಗ ಗೊತ್ತಿತ್ತೇನು, ನೀವು ಅಂಜೀರಿ ಅಂತ?"

"ಗೊತ್ತಿತ್ತು ಅಂತ ಕಾಣತೈತಿ. ಅದಕ್ಕ ಅವ ಒಂದು ದಿನ ಬಾಯಿಬಿಟ್ಟು ಕೇಳಲಿಲ್ಲ."

ಹಗ್ಗ ಪೋಣಿಸುತ್ತಿದ್ದ ಅವಳ ಕೈ ನಿಂತಿತು.

"ನಾನು ದೊಡ್ಡಕಿ ಇದ್ದಿದ್ರ ಕೊಡತಿದ್ದೆ," ಅಂದಳು.

"ಹೌದು. ನೀ ಕೊಡತಿದ್ದಿ."

ಬಲೆಯ ಆಚೆ ಅವಳು ಮುಂಗೈಯಿಂದ ಮೂಗು ಒರೆಸಿಕೊಂಡಳು. ಆಮೇಲೆ ಹಗ್ಗ ಎಳೆದು ಗಂಟು ಹಾಕಿದಳು. ಅವರಪ್ಪನ ಹಾಗೆ ಎರಡು ಸುತ್ತು ಹಾಕಿ, ಜಗ್ಗಿ ನೋಡಿ. ನಾನೂ ನನ್ನ ಕಡೆಯದನ್ನು ಕಟ್ಟಿದೆ. ಹಾಗೆಯೇ ನಾಲ್ಕೂ ಮೂಲೆ ಮುಗಿಸಿದೆವು.

"ಉಂಡು ಹೋಗ್ರಿ ಅತ್ತೀ," ಅಂದಳು ಕೊನೆಗೆ, ನನ್ನ ಕಡೆ ನೋಡದೆ. "ಅವ್ವ ರೊಟ್ಟಿ ಮಾಡ್ಯಾಳ."

ಮೂವರೂ ಅಡುಗೆಮನೆಯಲ್ಲಿ ಕೂತು ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡೆವು. ಅವನ ಹೆಂಡತಿ ನನ್ನ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಬಸ್ಸಿನ ಹೊತ್ತಾದಾಗ ನಾನೊಬ್ಬಳೇ ಎದ್ದು ಹೊರಟೆ. ಇಬ್ಬರೂ ಬಾಗಿಲತನಕ ಬಂದರು. ಅಲ್ಲಿಂದ ಮುಂದೆ ಬರಲಿಲ್ಲ.